ಬೀಜಕ್ಕೆ ಬಿಟ್ಟ ಸಾಲು

ಓರ್ಬಿನ್‌ನ ಪಿಕಪ್ ಗಾಡಿ ಸ್ಲೇಟ್‌ಲಿಕ್ ಕಣಿವೆಯ ಕೊನೆಯ ತಿರುವು ಮುಟ್ಟುವ ಮುಂಚೆಯೇ ಡೋವಿ ಸೀಟ್ ಬೆಲ್ಟ್ ಬಿಚ್ಚಿಕೊಂಡು ಕೂತಿದ್ದಳು. ಮನೆಗೆ ಇನ್ನೂ ಅರ್ಧ ಮೈಲಿ ಇತ್ತು. ಬೆಲ್ಟ್ ಬಿಚ್ಚಿದ್ದಕ್ಕೆ ಗಾಡಿ ಕುಂಯ್ ಕುಂಯ್ ಎಂದು ಗೋಳಾಡತೊಡಗಿತು. ಓರ್ಬಿನ್ ಅವಳ ಚರ್ಚಿನವನು, ಅರವತ್ತರ ಆಸುಪಾಸಿನವನು, ಯಾರ ಮನೆಯಲ್ಲಿ ಏನೇ ಆದರೂ ಮೊದಲು ಗಾಡಿ ತೆಗೆಯುವವನು. ತೋಟಕ್ಕೇನು ಕಾಲು ಬಂದಿಲ್ಲ ಡೋವಿ ಅಕ್ಕ, ಬಿಟ್ಟಲ್ಲೇ ಇದೆ, ಎಂದು ಎರಡು ಸಲ ಸಮಾಧಾನ ಹೇಳಿದ. ಅವಳು ಕೇಳಿಸಿಕೊಂಡರೆ ತಾನೆ.

ಈ ದಾರಿ ನೋಡಿ ಒಂಬತ್ತು ವಾರ ಆಗಿತ್ತು. ಜುಲೈಯಲ್ಲಿ ಟೊಮೇಟೊ ಗಿಡಕ್ಕೆ ಕೋಲು ಕಟ್ಟುವಾಗ ಜಾರಿ ಬಿದ್ದು ಸೊಂಟದ ಕೀಲು ಮುರಿದುಕೊಂಡಿದ್ದಳು. ಲೆಕ್ಸಿಂಗ್‌ಟನ್ನಿನ ಆಸ್ಪತ್ರೆ, ಆಮೇಲೆ ಅದೇ ಊರಲ್ಲಿ ತಂಗಿ ನೋಲಾಳ ನಾಲ್ಕನೇ ಮಹಡಿಯ ಮನೆ. ಆ ಮನೆಯಲ್ಲಿ ಮಣ್ಣು ಅಂತ ಕಂಡದ್ದು ಬಾಲ್ಕನಿಯ ಒಂದು ಕುಂಡದಲ್ಲಿ ಮಾತ್ರ. ಡೋವಿ ಅದಕ್ಕೆ ಬೆರಳು ಚುಚ್ಚಿ ನೋಡಿದರೆ ಗಿಡವೂ ಪ್ಲಾಸ್ಟಿಕ್ಕು, ಮಣ್ಣೂ ಪ್ಲಾಸ್ಟಿಕ್ಕು. ಎಪ್ಪತ್ನಾಲ್ಕು ವರ್ಷದ ಹೆಂಗಸು ಆವತ್ತು ಪುಟ್ಟ ಮಗುವಿನ ಹಾಗೆ ಅತ್ತುಬಿಟ್ಟಳು. ಡಾಕ್ಟರು ಕೊನೆಗೆ ಮನೆಗೆ ಬಿಟ್ಟಾಗ ಒಂದೇ ಕಟ್ಟಪ್ಪಣೆ ಮಾಡಿದರು: ಕ್ರಿಸ್‌ಮಸ್ ಹಬ್ಬದವರೆಗೆ ಬಗ್ಗುವ ಹಾಗಿಲ್ಲ. ಕೆಳಗೆ ಬಿದ್ದದ್ದು ಕೆಳಗೇ ಇರಲಿ. ಬಗ್ಗಿದರೆ ಹೊಸ ಕೀಲು ಕಳಚಿಕೊಳ್ಳುತ್ತದೆ, ಮತ್ತೆ ಆಸ್ಪತ್ರೆಯೇ ಗತಿ.

ಕೀಲಿನ ಚಿಂತೆ ಅವಳಿಗೆ ಅಷ್ಟಿರಲಿಲ್ಲ. ಒಂಬತ್ತು ವಾರವೂ ತಲೆಯೊಳಗೆ ಹುಳದ ಹಾಗೆ ಕೊರೆದದ್ದು ಬೀನ್ಸಿನ ಸಾಲು. ಆ ಬೀನ್ಸ್ ಪೇಟೆಯಲ್ಲಿ ಸಿಗುವಂಥದ್ದಲ್ಲ. ಎಣ್ಣೆ ಸವರಿದ ಹಾಗೆ ಮಿರುಗುವ ಕಾಯಿ, ಒಳಗೆ ಬಿಳಿ ಕಾಳು, ಕಾಳಿನ ಕಣ್ಣ ಸುತ್ತ ಕಂದು ಬಣ್ಣದ ಒಂದು ಬಳೆ. ಕೆಂಟಕಿಯ ಈ ಗುಡ್ಡಗಳಲ್ಲಿ ಮನೆಮನೆಗೊಂದು ಎಣ್ಣೆಬೀನ್ಸ್ ಉಂಟು, ಒಬ್ಬರ ಮನೆಯದು ಇನ್ನೊಬ್ಬರ ಮನೆಯದರಂತಲ್ಲ. ಇದು ಡೋವಿಯ ಅತ್ತೆ ಸೆರೆಲ್ಡಾ ತನ್ನ ತಾಯಿಯಿಂದ ತಂದದ್ದು, ಅವಳು ತನ್ನ ತಾಯಿಯಿಂದ. ಮದುವೆಯ ದಿನ ಒಂದು ಬಟ್ಟೆಯ ಗಂಟಿನಲ್ಲಿ ಬೀಜ ಕಟ್ಟಿಕೊಟ್ಟು, ಹೇಗೆ ಹಾಕಬೇಕು, ಯಾವ ಬಳ್ಳಿ ಬಿಡಬೇಕು ಎಂಬುದನ್ನೆಲ್ಲ ಕಿವಿಯಲ್ಲಿ ಹೇಳಿ ಕಳಿಸುವುದು ಆ ಮನೆಯ ಪದ್ಧತಿ. ಮದುವೆಗೆ ಮುಂಚೆ ಯಾರಿಗೂ ಇಲ್ಲ, ಹೊರಗಿನವರಿಗಂತೂ ಇಲ್ಲವೇ ಇಲ್ಲ.

ಹೋದ ವರ್ಷ ಸುಗ್ಗಿಯ ಹೊತ್ತಿಗೆ ಎಡೆಬಿಡದೆ ಮಳೆ ಹಿಡಿದು ಬೀಜಕ್ಕೆ ಬಿಟ್ಟ ಕಾಯಿಗೆಲ್ಲ ಬೂಸಲು ಬಂದಿತ್ತು. ಉಳಿದದ್ದು ಎರಡು ಹಿಡಿ. ಡೋವಿ ಮೇ ತಿಂಗಳಲ್ಲಿ ಎರಡು ಹಿಡಿಯನ್ನೂ ಹಾಕಿಬಿಟ್ಟಳು, ಈ ವರ್ಷ ಡಬ್ಬಿ ತುಂಬಿಕೊಂಡರಾಯಿತು ಎಂದು. ಡಬ್ಬಿಯ ತಳದಲ್ಲಿ ಒಂದು ಕಾಳೂ ಇರಲಿಲ್ಲ. ಸಾಲಿನ ಕೊನೆಯ ಹತ್ತು ಬಳ್ಳಿ ಬೀಜಕ್ಕೆ. ಅದಕ್ಕೊಂದು ಗುರುತು, ದಾರ ಏನೂ ಕಟ್ಟಿರಲಿಲ್ಲ. ತೋಟ ಅವಳದ್ದು, ತಲೆ ಅವಳದ್ದು, ಗುರುತು ಯಾರಿಗೆ ಬೇಕು?

ಗಾಡಿ ನಿಂತಿತು. ಓರ್ಬಿನ್ ವಾಕರ್ ಇಳಿಸಿ ಬಿಚ್ಚಿ ನಿಲ್ಲಿಸಿದ. ಮನೆಯ ಬಾಗಿಲು ತೆರೆದೇ ಇತ್ತು, ಒಳಗಿಂದ ಅಡುಗೆಯ ವಾಸನೆ ಬರುತ್ತಿತ್ತು. ಡೋವಿ ಅತ್ತ ತಿರುಗಿಯೂ ನೋಡದೆ ಮನೆಯ ಪಕ್ಕದ ಇಳಿಜಾರಿಗೆ ವಾಕರ್ ತಿರುಗಿಸಿದಳು. ಓರ್ಬಿನ್ ಹಿಂದೆ ಹಿಂದೆಯೇ ಕೈ ಚಾಚಿಕೊಂಡು ನಡೆದ.

ತೋಟ ಚೊಕ್ಕಟವಾಗಿತ್ತು. ಅಷ್ಟು ಚೊಕ್ಕಟವಾಗಿ ಡೋವಿಯೇ ಎಂದೂ ಇಟ್ಟಿರಲಿಲ್ಲ. ಕಳೆ ಒಂದೆಳೆ ಇಲ್ಲ, ಕೋಸಿನ ಬುಡಕ್ಕೆ ಮಣ್ಣು ಏರಿಸಿದೆ, ಟೊಮೇಟೊ ಗಿಡಗಳು ಶಾಲೆಯ ಮಕ್ಕಳ ಹಾಗೆ ಸಾಲಾಗಿ ನಿಂತಿವೆ. ಆಚೆ ತುದಿಯಲ್ಲಿ, ಜೋಳದ ದಂಟಿಗೆ ಬೀನ್ಸ್ ಹಬ್ಬಿಸಿದ್ದ ಜಾಗದಲ್ಲಿ, ಬರೀ ಮಣ್ಣು. ದಂಟು ಕಡಿದಿದೆ, ಬಳ್ಳಿ ಕಿತ್ತಿದೆ, ನೆಲ ಕೆದಕಿ ಸಮ ಮಾಡಿದೆ. ಬೇಲಿಯ ಮೂಲೆಯಲ್ಲಿ ಒಂದು ಕಪ್ಪು ಬೂದಿಯ ಗುಡ್ಡೆ.

ಓರ್ಬಿನ್ ಹೊಗಳಿದ್ದೇ ಹೊಗಳಿದ್ದು. ಎಲ್ಲ ಅವಳ ನಾದಿನಿ ಮಿಂಟಾ ಒಬ್ಬಳೇ ಮಾಡಿದಳಂತೆ. ಚರ್ಚಿನ ಹೆಂಗಸರು ಸಹಾಯಕ್ಕೆ ಬರುತ್ತೇವೆ ಅಂದರೂ ಬೇಡ, ನಮ್ಮತ್ತಿಗೆಯ ತೋಟ ನಾನು ನೋಡಿಕೊಳ್ಳುತ್ತೇನೆ ಅಂದಳಂತೆ. ಎಪ್ಪತ್ತರ ವಯಸ್ಸಿನಲ್ಲಿ ಬಿಸಿಲೆನ್ನದೆ ದುಡಿದಳಂತೆ. ಡೋವಿ ವಾಕರ್ ಮೇಲೆ ಭಾರ ಬಿಟ್ಟು ಬೂದಿಯನ್ನೇ ನೋಡುತ್ತಿದ್ದಳು. ದಣಿವು ಎಂದುಕೊಂಡು ಓರ್ಬಿನ್ ಅವಳನ್ನು ಮನೆಯ ಕಡೆ ತಿರುಗಿಸಿದ.

ಮಿಂಟಾ ಡೋವಿಯ ಗಂಡ ಎಸ್ಟಿಲ್‌ನ ತಂಗಿ, ಸೆರೆಲ್ಡಾಳ ಒಬ್ಬಳೇ ಮಗಳು. ಹದಿನೇಳನೇ ವಯಸ್ಸಿಗೆ ಅಪ್ಪ ಅಮ್ಮ ಬೇಡ ಅಂದವನ ಜೊತೆ ಬಸ್ಸು ಹತ್ತಿ ಓಹಾಯೋದ ಡೇಟನ್ ಊರಿಗೆ ಓಡಿಹೋದವಳು. ಮಗಳಿಗೆ ಹೋಗಬೇಕಿದ್ದ ಬೀಜ ಹಾಗೆ ಸೊಸೆಯ ಕೈಗೆ ಬಂದಿತ್ತು. ಫ್ರಿಜ್ ಮಾಡುವ ಕಾರ್ಖಾನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಕೆಲಸ, ಬಾಡಿಗೆ ಮನೆ, ಡಬ್ಬಿಯಲ್ಲಿ ಬರುವ ತರಕಾರಿ, ಐವತ್ತು ವರ್ಷ ಹಾಗೇ ಕಳೆದುಹೋಯಿತು. ಮೂರು ವರ್ಷದ ಹಿಂದೆ ಗಂಡ ತೀರಿಕೊಂಡ ಮೇಲೆ ಕಣಿವೆಗೆ ವಾಪಸ್ ಬಂದು, ರಸ್ತೆಯ ಕೆಳಗಿನ ಸಣ್ಣ ಮನೆಯಲ್ಲಿದ್ದಳು. ಎಸ್ಟಿಲ್ ಅಷ್ಟರಲ್ಲಿ ಹೋಗಿ ಮೂರು ವರ್ಷವಾಗಿತ್ತು. ಅಣ್ಣನಿಲ್ಲದ ಮನೆಯಲ್ಲಿ ಅತ್ತಿಗೆ ನಾದಿನಿಯರ ನಡುವೆ ಜಗಳವೂ ಇರಲಿಲ್ಲ, ಬಳಕೆಯೂ ಇರಲಿಲ್ಲ.

ಅಡುಗೆಮನೆಯಲ್ಲಿ ಮಿಂಟಾ ಮುಖ ಅರಳಿಸಿಕೊಂಡು ನಿಂತಿದ್ದಳು. ಸಣ್ಣ ದೇಹ, ಕೈ ಮಾತ್ರ ಗಂಡಸಿನದು. ಟೇಬಲ್ಲಿನ ಮೇಲೆ ಹಂದಿ ಕೊಬ್ಬು ಹಾಕಿ ಬೇಯಿಸಿದ ಬೀನ್ಸು, ಕಬ್ಬಿಣದ ಬಾಣಲೆಯಲ್ಲಿ ಮಾಡಿದ ಜೋಳದ ಬ್ರೆಡ್ಡು, ಹೆಚ್ಚಿದ ಟೊಮೇಟೊ. ಊಟಕ್ಕೆ ಮುಂಚೆ ಒಂದು ತೋರಿಸಬೇಕು ಎಂದು ಕೈ ಹಿಡಿದು ಉಗ್ರಾಣದ ಬಾಗಿಲಿಗೆ ಕರೆದುಕೊಂಡು ಹೋಗಿ ದೀಪ ಹಾಕಿದಳು. ಗೋಡೆ ತುಂಬ ಗಾಜಿನ ಜಾಡಿಗಳು. ದೊಡ್ಡ ಕುಕ್ಕರಿನಲ್ಲಿ ಬೇಯಿಸಿ ಮುಚ್ಚಳ ಬಿಗಿದ ಬೀನ್ಸು. ಮೇಲಿನ ಎರಡು ಹಲಗೆಯಲ್ಲಿ ಹಸಿರು ಕಾಯಿ. ಕೆಳಗಿನ ಹಲಗೆಯಲ್ಲಿ ಸುಲಿದ ಕಾಳು, ಜಾಡಿಯ ಗಾಜಿಗೆ ಒತ್ತಿಕೊಂಡು, ಕಂದು ಬಳೆಯ ಕಣ್ಣು ಬಿಟ್ಟುಕೊಂಡು ಡೋವಿಯನ್ನೇ ನೋಡುತ್ತಿದ್ದವು.

"ಸಾಲಿನ ಕೊನೆ ಕಡೆ ಇದ್ದವು ಬಲಿತು ಹಣ್ಣಾಗಿ ಹೋಗಿದ್ವು ಅತ್ತಿಗೆ," ಅಂದಳು ಮಿಂಟಾ. "ಹಾಳಾಗ್ಬಾರ್ದು ಅಂತ ಅದನ್ನೂ ಸುಲಿದು ತುಂಬಿಸ್ದೆ. ಒಂದು ಕಾಳೂ ದಂಡ ಮಾಡ್ಲಿಲ್ಲ ನೋಡು."

ಬಿಸಿ ತುಪ್ಪ, ನುಂಗುವ ಹಾಗೂ ಇಲ್ಲ ಉಗುಳುವ ಹಾಗೂ ಇಲ್ಲ. ಓರ್ಬಿನ್ ಅಲ್ಲೇ ನಿಂತಿದ್ದ, ಭೇಷ್ ಅನ್ನುತ್ತಿದ್ದ. ಡೋವಿ ಒಳ್ಳೆಯದಾಯಿತು ಎಂದಳು. ಆಮೇಲೆ ಮೇಜಿಗೆ ಬಂದು ಎತ್ತರದ ಕುರ್ಚಿಯಲ್ಲಿ ಕೂತು, ತಟ್ಟೆಗೆ ಹಾಕಿದ್ದನ್ನೆಲ್ಲ ತಿಂದಳು. ರುಚಿ ಗೊತ್ತಾಗಲಿಲ್ಲ.

ಬೇಕಂತಲೇ ಮಾಡಿದ್ದಾಳೆ. ಇದೊಂದೇ ಮಾತು ಆ ಹೊತ್ತಿನಿಂದ ಡೋವಿಯ ತಲೆಯಲ್ಲಿ ಗಿರಿಗಿರಿ ತಿರುಗಿತು. ಯಾಕೆಂದರೆ ಮಿಂಟಾಗೆ ಕಾರಣ ಇತ್ತು. ಊರಿಗೆ ಬಂದ ವರ್ಷವೇ ಬಾಗಿಲಿಗೆ ಬಂದು, ಅಮ್ಮನ ಬೀನ್ಸಿನ ಬೀಜ ಒಂದಿಷ್ಟು ಕೊಡ್ತೀಯಾ ಅತ್ತಿಗೆ ಎಂದು ಕೇಳಿದ್ದಳು. ಈ ವರ್ಷ ಬೀಜ ಕಡಿಮೆ ಎಂದು ಡೋವಿ ಸಾಗಹಾಕಿದ್ದಳು. ಆ ವರ್ಷ ಡಬ್ಬಿ ತುಂಬ ಬೀಜ ಇತ್ತು. ಸುಳ್ಳು ಹೇಳಿದ್ದು ತನಗೆ ಗೊತ್ತಿದ್ದಷ್ಟೇ ಚೆನ್ನಾಗಿ ಮಿಂಟಾಗೂ ಗೊತ್ತಾಗಿತ್ತು ಎಂದು ಡೋವಿಗೆ ಅನ್ನಿಸಿತ್ತು. ಮಿಂಟಾ ಮತ್ತೆ ಕೇಳಲಿಲ್ಲ.

ಇನ್ನೊಂದು ವಿಷಯವೂ ಇತ್ತು, ಅದು ಡೋವಿ ಒಬ್ಬಳಿಗೇ ಗೊತ್ತಿದ್ದದ್ದು. ಇಪ್ಪತ್ತಾರು ವರ್ಷದ ಹಿಂದೆ ಸೆರೆಲ್ಡಾ ಸಾಯುವ ಹಿಂದಿನ ದಿನ ಸೊಸೆಯನ್ನು ಹತ್ತಿರ ಕರೆದು, ಮಿಂಟಾ ಬಂದರೆ ಬೀಜದಲ್ಲಿ ಅರ್ಧ ಅವಳಿಗೆ ಕೊಡು ಎಂದಿದ್ದಳು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಮಿಂಟಾ ಮಣ್ಣಿಗೆ ಬಂದಳು, ಸ್ಮಶಾನದ ಗೇಟಿನ ಹತ್ತಿರ ನಿಂತಿದ್ದು ಸಂಜೆ ಬಸ್ಸಿಗೇ ಹೊರಟುಹೋದಳು. ಡೋವಿ ಹೇಳಲಿಲ್ಲ. ಹತ್ತಾರು ವರ್ಷ ಅತ್ತೆಯ ಸೇವೆ ಮಾಡಿದವಳು ನಾನು, ಮಕ್ಕಳಿಲ್ಲ ಎಂಬ ಮಾತು ಕೇಳಿಸಿಕೊಂಡವಳು ನಾನು, ಈ ಮನೆಯಲ್ಲಿ ನನ್ನದು ಅಂತ ಇರುವುದು ಇದೊಂದು ಬೀಜ, ಓಡಿಹೋದವಳಿಗೆ ಅದರಲ್ಲೂ ಪಾಲೇ? ಹಾಗಂದುಕೊಂಡಳು. ಆಮೇಲೆ ಹೇಳೋಣ ಅಂದುಕೊಂಡಳು. ಆಮೇಲೆ ಹೇಳಿದರೆ ಇಷ್ಟು ದಿನ ಯಾಕೆ ಹೇಳಲಿಲ್ಲ ಅನ್ನುತ್ತಾರೆ ಅಂದುಕೊಂಡಳು. ಇಂಥವು ಹಾಗೇ, ಒಂದು ದಿನ ಮುಚ್ಚಿಟ್ಟರೆ ಇಪ್ಪತ್ತಾರು ವರ್ಷ ಮುಚ್ಚಿಡಬೇಕಾಗುತ್ತದೆ.

ಮಿಂಟಾ, ಓರ್ಬಿನ್ ಹೊರಟ ಮೇಲೆ ಡೋವಿ ಕಾಲು ಸುಟ್ಟ ಬೆಕ್ಕಿನ ಹಾಗೆ ಮನೆಯೊಳಗೆ ತಿರುಗಿದಳು. ಬೀಜದ ಡಬ್ಬಿ ತೆಗೆದು ಬೋರಲು ಹಾಕಿದಳು. ಫ್ರೀಜರಿನ ಮೂಲೆ ನೋಡಿದಳು. ಎಸ್ಟಿಲ್‌ನ ಹಳೇ ಕೋಟುಗಳ ಜೇಬಿಗೆ ಕೈ ಹಾಕಿದಳು, ಹೊಲಿಗೆಯ ಡಬ್ಬಿ, ಗುಂಡಿಯ ಡಬ್ಬಿ, ಅಪ್ರನ್ನಿನ ಜೇಬು, ಏನೂ ಇಲ್ಲ. ಎರಡನೇ ದಿನ ಮತ್ತೆ ಅದನ್ನೇ ಹುಡುಕಿದಳು. ಹುಡುಕಿದ ಕಡೆಯೇ ಮತ್ತೆ ಹುಡುಕುವುದು ಹುಚ್ಚು ಎಂದು ಗೊತ್ತಿದ್ದರೂ ಕೈ ಕೇಳಬೇಕಲ್ಲ. ಕೂತರೆ ನಿಲ್ಲಬೇಕು, ನಿಂತರೆ ಹೊರಗೆ ಹೋಗಬೇಕು, ಹೊರಗೆ ಹೋದರೆ ಆ ಬರಿ ಮಣ್ಣು. ಮೂರನೇ ದಿನ ಕಣಿವೆಯ ಮನೆಗಳನ್ನೆಲ್ಲ ಮನಸ್ಸಿನಲ್ಲೇ ಎಣಿಸಿದಳು, ಯಾರ ಮನೆಯಲ್ಲಾದರೂ ಇದರ ಬೀಜ ಇರಬಹುದೇ ಎಂದು. ಎಲ್ಲಿಂದ ಬರಬೇಕು? ಚರ್ಚಿನ ಹೆಂಗಸರು ವರ್ಷ ವರ್ಷವೂ ಕೇಳಿದವರೇ, ಇವಳು ವರ್ಷ ವರ್ಷವೂ ಇದು ಮನೆಯ ಬೀಜ, ಹೊರಗೆ ಕೊಡುವ ಹಾಗಿಲ್ಲ ಎಂದು ಮೂಗು ಎತ್ತಿದವಳೇ. ಅವರು ತಮ್ಮ ಬೀಜ ಹತ್ತು ಮನೆಗೆ ಹಂಚಿದ್ದರು; ಒಬ್ಬರ ತೋಟ ಕೊಚ್ಚಿಹೋದರೆ ಇನ್ನೊಬ್ಬರ ಮನೆಯಿಂದ ವಾಪಸ್ ಬರುತ್ತಿತ್ತು. ಮಾಡಿದ್ದುಣ್ಣೋ ಮಹರಾಯ.

ಒಂದು ಮಾತು ಮಾತ್ರ ಅವಳು ತನಗೆ ತಾನೇ ಹೇಳಿಕೊಳ್ಳದೆ ತಪ್ಪಿಸಿಕೊಂಡು ಓಡಾಡುತ್ತಿದ್ದಳು. ಲೆಕ್ಸಿಂಗ್‌ಟನ್ನಿನಿಂದ ವಾರ ವಾರವೂ ಮಿಂಟಾಗೆ ಫೋನ್ ಮಾಡಿದ್ದಳಲ್ಲ, ಕೊನೆಯ ಹತ್ತು ಬಳ್ಳಿ ಬೀಜಕ್ಕೆ, ಮುಟ್ಟಬೇಡ ಎಂದು ಒಂದೇ ಒಂದು ಸಲ ಹೇಳಿದ್ದರೆ ಆಗುತ್ತಿತ್ತು. ಹೇಳಲಿಲ್ಲ. ಹೇಳಿದರೆ ಬೀಜ ಎಲ್ಲಿದೆ ಎಂದು ಅವಳಿಗೆ ಗೊತ್ತಾಗುತ್ತದೆ, ಒಂದು ಹಿಡಿ ಜೇಬಿಗೆ ಹಾಕಿಕೊಂಡರೆ ಎಂಬ ಭಯ.

ನಾಲ್ಕನೇ ದಿನ ಮಧ್ಯಾಹ್ನ ಮೋಡ ಕಟ್ಟಿತ್ತು. ಡೋವಿ ಬೇಲಿಯ ಗುಂಟ ಹತ್ತನೆಯ ಸಲವೋ ಹನ್ನೊಂದನೆಯ ಸಲವೋ ನಡೆಯುತ್ತಿದ್ದಳು. ಬೇಲಿಯಾಚೆ ಕರೆಂಟಿನ ಕಂಬ, ಕಂಬವನ್ನು ಹಿಡಿದೆಳೆದು ನೆಲಕ್ಕೆ ಕಟ್ಟಿದ ಓರೆ ತಂತಿ. ಇಷ್ಟು ದಿನ ಕಣ್ಣು ನೆಲದ ಮೇಲೇ ಇತ್ತು. ಆವತ್ತು ಮಳೆ ಬರುತ್ತದೋ ಎಂದು ತಲೆ ಎತ್ತಿದಳು. ತಂತಿಯ ಮೇಲೆ, ಆಳೆತ್ತರಕ್ಕೂ ಮೇಲೆ, ಒಣಗಿದ ಒಂದು ಬಳ್ಳಿ ಸುತ್ತಿಕೊಂಡಿತ್ತು. ಬುಡ ಕಡಿದುಹೋಗಿತ್ತು, ಮಿಂಟಾಳ ಕೈಗೆ ಸಿಕ್ಕಷ್ಟು ಕಿತ್ತು ಬೆಂಕಿಗೆ ಹೋಗಿತ್ತು, ಎಟುಕದ್ದು ಮೇಲೇ ಉಳಿದಿತ್ತು. ಅದರಲ್ಲಿ ಕಾಯಿಗಳು, ಹುಲ್ಲಿನ ಬಣ್ಣಕ್ಕೆ ತಿರುಗಿ ಒಣಗಿ, ಗಾಳಿಗೆ ಗಲಗಲ ಅನ್ನುತ್ತಿದ್ದವು.

ಓರ್ಬಿನ್‌ಗೆ ಫೋನ್ ಮಾಡಿ ಏಣಿ ತರಿಸಬಹುದಿತ್ತು. ಒಂದು ಗಂಟೆ ಕಾಯಬಹುದಿತ್ತು. ಕಾಯುವ ಸ್ವಭಾವವಾಗಿದ್ದರೆ ಅವಳು ಡೋವಿಯೇ ಅಲ್ಲ. ಕೊಟ್ಟಿಗೆಯಿಂದ ಎಸ್ಟಿಲ್ ಮೀನು ಹಿಡಿಯುತ್ತಿದ್ದ ಉದ್ದನೆಯ ಗಳ ತಂದು, ಒಂದು ಕೈಯಲ್ಲಿ ವಾಕರ್ ಹಿಡಿದು, ಇನ್ನೊಂದರಲ್ಲಿ ಗಳದ ತುದಿ ಬಳ್ಳಿಗೆ ಸಿಕ್ಕಿಸಿ ಎಳೆದಳು. ಬರಲಿಲ್ಲ. ಜೋರಾಗಿ ಎಳೆದಳು. ಬಳ್ಳಿ ಒಮ್ಮೆಲೇ ಕಳಚಿಕೊಂಡು ಬಂತು, ಒಣಗಿದ ಕಾಯಿಗಳು ತಂತಿಗೆ ಬಡಿದು ಚಟಚಟ ಸಿಡಿದವು, ಕಾಳುಗಳು ಅವಳ ತಲೆ, ಭುಜದ ಮೇಲೆ ಬಿದ್ದು ಹುಲ್ಲಿನೊಳಗೆ ಹಾರಿಹೋದವು.

ಕಾಲ ಬುಡದಲ್ಲೇ ಇದ್ದವು. ಬಿಳಿಯ ಕಾಳು, ಕಂದು ಕಣ್ಣು, ಅಲ್ಲೊಂದು ಇಲ್ಲೊಂದು ಕಾಣುತ್ತಲೂ ಇದ್ದವು. ಅವಳು ಬಗ್ಗುವ ಹಾಗಿರಲಿಲ್ಲ. ಆದರೂ ಬಗ್ಗಲು ನೋಡಿದಳು. ಕೀಲಿನೊಳಗೆ ಏನೋ ಚುಳುಕ್ಕೆಂದಿತು, ಉಸಿರು ಕಟ್ಟಿ ವಾಕರಿಗೆ ಜೋತುಬಿದ್ದಳು. ಗುಡ್ಡದ ಆಚೆಯಿಂದ ಗುಡುಗು ಕೇಳಿಸಿತು. ಮಳೆ ಬಿದ್ದರೆ ಕಾಳು ನೆನೆದು ಉಬ್ಬುತ್ತವೆ, ಮೊಳಕೆ ಬಿಡುತ್ತವೆ, ಮುಂದೆ ಬೀಳುವ ಹಿಮಕ್ಕೆ ಸಾಯುತ್ತವೆ. ನೀಲಿ ಬಣ್ಣದ ಜೇ ಹಕ್ಕಿಯೊಂದು ಆಗಲೇ ಬೇಲಿಯ ಮೇಲೆ ಬಂದು ಕೂತು ತಲೆ ಓರೆ ಮಾಡಿ ನೋಡುತ್ತಿತ್ತು. ಡೋವಿ ಅದನ್ನು ಬಾಯಿಗೆ ಬಂದ ಹಾಗೆ ಬೈದಳು, ಅಳುತ್ತಲೇ ಬೈದಳು.

ಆ ಬೈಗುಳ ಕೇಳಿಕೊಂಡೇ ಮಿಂಟಾ ರಸ್ತೆಯಿಂದ ಬೇಗ ಬೇಗ ಬಂದದ್ದು. ಕೈಯಲ್ಲಿ ಸಂಜೆಯ ಊಟದ ಪಾತ್ರೆ ಇತ್ತು. ಏನಾಯಿತು, ಬಿದ್ದೆಯಾ, ಎಂದು ಪಾತ್ರೆ ಬೇಲಿಯ ಪಕ್ಕ ಇಟ್ಟು ಓಡಿಬಂದಳು. ನಾಲ್ಕು ದಿನ ಅದುಮಿಟ್ಟದ್ದೆಲ್ಲ ಡೋವಿಯ ಬಾಯಿಂದ ಹೊರಗೆ ಬಂತು.

"ಬೇಕಂತಲೇ ಮಾಡಿದೆ ನೀನು," ಅಂದಳು. "ಬೀಜಕ್ಕೆ ಬಿಟ್ಟಿದ್ದನ್ನ ಸುಲಿದು ಬೇಯಿಸಿ ಸಾಲಾಗಿ ಜೋಡಿಸಿಟ್ಟೆ, ನಾನು ದಿನಾ ನೋಡ್ಲಿ ಅಂತ. ನಾನು ಕೊಡ್ಲಿಲ್ಲ ಅನ್ನೋ ಹೊಟ್ಟೆಕಿಚ್ಚಿಗೆ ನಿಮ್ಮಮ್ಮನ ಬೀಜದ ವಂಶಾನೇ ತೆಗೆದುಬಿಟ್ಟೆ."

ಮಿಂಟಾ ನಿಂತಲ್ಲೇ ನಿಂತಳು. ಕೆಳಗೆ ನೋಡಿದಳು, ಬಳ್ಳಿ ನೋಡಿದಳು, ತಂತಿ ನೋಡಿದಳು. ಏನು ನಡೆದಿದೆ ಎಂದು ಅರ್ಥವಾಗಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಅವಳ ಮುಖ ಬಿಳಿಚಿಕೊಂಡಿತು.

"ಅದು ಬೀಜಕ್ಕೆ ಬಿಟ್ಟಿದ್ದಾ?" ಅಂದಳು. "ನನಗೇನು ಗೊತ್ತು ಅತ್ತಿಗೆ. ಅಮ್ಮ ನನಗೆ ನಾರು ತೆಗೆಯೋದು ಕಲಿಸಿದ್ಳು, ಜಾಡಿ ತುಂಬೋದು ಕಲಿಸಿದ್ಳು. ಬೀಜದ ವಿಷ್ಯ ಮದುವೆ ದಿನ ಹೇಳ್ತೀನಿ ಅಂದಿದ್ಳು. ನನ್ನ ಮದುವೆಗೆ ಅವಳು ಬರ್ಲೇ ಇಲ್ವಲ್ಲ."

ಡೋವಿ ಕೈಯಲ್ಲಿದ್ದ ಗಳವನ್ನು ಕೆಳಗಿಳಿಸಿದಳು.

ಮಿಂಟಾ ಮೊಣಕಾಲೂರಿ ಹುಲ್ಲಿಗೆ ಕೂತಳು. ಎಪ್ಪತ್ತರ ಮಂಡಿ, ಕೂರುವಾಗ ಅಮ್ಮಾ ಎಂದು ನರಳಿದಳು. ಎರಡೂ ಕೈಯಲ್ಲಿ ಹುಲ್ಲು ಬಿಡಿಸಿ ಬಿಡಿಸಿ ಕಾಳು ಆರಿಸತೊಡಗಿದಳು. ಡೋವಿ ಮೇಲಿಂದ ಗಳದ ತುದಿಯಿಂದ ತೋರಿಸಿದಳು, ಅಗೋ ಅಲ್ಲಿ, ಕಲ್ಲಿನ ಪಕ್ಕ, ಇನ್ನೂ ಎಡಕ್ಕೆ. ಜೇ ಹಕ್ಕಿ ಎರಡು ಸಲ ಇಳಿಯಲು ಬಂದು ಮಿಂಟಾ ಕೈ ಬೀಸಿದ್ದಕ್ಕೆ ಹಾರಿಹೋಯಿತು. ಸಿಡಿಯದೆ ಉಳಿದ ಕಾಯಿಗಳನ್ನು ಬಳ್ಳಿಯಿಂದ ಬಿಡಿಸಿ ಸ್ವೆಟರಿನ ಜೇಬಿಗೆ ಹಾಕಿಕೊಂಡಳು. ಮೊದಲ ಹನಿ ಬೀಳುವಾಗ ಬೇಲಿ ಹಿಡಿದು ಎದ್ದು ನಿಂತು, ಬೊಗಸೆ ಮುಂದೆ ಚಾಚಿದಳು. ಬೊಗಸೆ ತುಂಬಿರಲಿಲ್ಲ, ಆದರೆ ಒಂದು ಸಾಲಿಗೆ ಧಾರಾಳ ಸಾಕಾಗುವಷ್ಟಿತ್ತು.

ತೆಗೆದುಕೊಂಡರೆ ಎಲ್ಲ ಮುಗಿಯುತ್ತಿತ್ತು. ಡಬ್ಬಿಗೆ ಹಾಕಿ ಮುಚ್ಚಳ ಹಾಕಿದರೆ ಬೀಜ ಉಳಿಯಿತು. ಡೋವಿಯ ಕೈ ಅರ್ಧ ದೂರ ಹೋಯಿತು. ಆ ಕೆಸರು ಮೆತ್ತಿದ ಕೈಗಳನ್ನು, ಹುಲ್ಲಿನ ಹಸಿರು ಹತ್ತಿದ ಉಗುರುಗಳನ್ನು ನೋಡಿದಳು. ನಾಚಿಕೆ ಅನ್ನುವುದು ಇಷ್ಟು ವಯಸ್ಸಾದ ಮೇಲೂ ಇಷ್ಟು ಬಿಸಿಯಾಗಿರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ.

"ನನಗೆ ಕೊಡಬೇಡ," ಅಂದಳು. "ನಿಮ್ಮಮ್ಮ ಸಾಯೋ ಹಿಂದಿನ ದಿನ ನನ್ನ ಕರೆದು ಹೇಳಿದ್ಳು. ಬೀಜದಲ್ಲಿ ಅರ್ಧ ನಿನಗೆ ಕೊಡು ಅಂತ. ನಾನು ಕೊಡ್ಲಿಲ್ಲ. ಹೇಳ್ಲೂ ಇಲ್ಲ."

ಮಿಂಟಾಳ ಬೊಗಸೆ ಹಾಗೇ ಇತ್ತು. ಮಳೆಯ ಹನಿಗಳು ಅದರೊಳಗೆ ಬಿದ್ದವು.

"ಹೆಸರು ಹಿಡಿದು ಹೇಳಿದ್ಳಾ?" ಅಂದಳು.

"ಹೆಸರು ಹಿಡಿದೇ ಹೇಳಿದ್ಳು."

"ನನ್ನ ಹೆಸರೂ ಎತ್ತದೆ ಸತ್ಲು ಅಂತ ನಾನು ಇಷ್ಟು ವರ್ಷ," ಎಂದು ಶುರು ಮಾಡಿದವಳು ಅಲ್ಲಿಗೇ ನಿಲ್ಲಿಸಿದಳು. ಬೊಗಸೆಯನ್ನು ಎದೆಯ ಹತ್ತಿರ ಎಳೆದುಕೊಂಡು ಕಾಳುಗಳನ್ನೆಲ್ಲ ಸ್ವೆಟರಿನ ಜೇಬಿಗೆ ಹಾಕಿದಳು. ಬೈಯುತ್ತಾಳೆ ಎಂದು ಡೋವಿ ಕಾದಳು, ಬೈದರೆ ಸಾಕು ಎಂದು ಆಸೆಪಟ್ಟಳು. ಮಿಂಟಾ ಬೈಯಲಿಲ್ಲ. ಊಟದ ಪಾತ್ರೆಯನ್ನು ಒಳಗೆ ತೆಗೆದುಕೊಂಡು ಹೋಗಿ ಅಡುಗೆಮನೆಯ ಟೇಬಲ್ಲಿನ ಮೇಲೆ ಇಟ್ಟು ಹೊರಗೆ ಬಂದಳು. ಮೆಟ್ಟಿಲ ಹತ್ತಿರ ಒಂದು ಗಳಿಗೆ ನಿಂತಳು.

"ಬೇಕಾದ್ರೆ ನಮ್ಮನೆಗೆ ಬಂದು ಕೇಳು," ಅಂದಳು. "ಕೇಳಿದೋರಿಗೆ ಇಲ್ಲ ಅನ್ನಲ್ಲ ನಾನು."

ಅಷ್ಟು ಹೇಳಿ ಮಳೆಯಲ್ಲೇ ರಸ್ತೆಗೆ ಇಳಿದಳು.

ಡೋವಿ ಒಳಗೆ ಬಂದು ಪಾತ್ರೆಯ ಮುಚ್ಚಳ ತೆಗೆದು ನೋಡಿ ಮತ್ತೆ ಮುಚ್ಚಿದಳು. ಕಿಟಕಿಗೆ ಹೋದಳು, ಬಾಗಿಲಿಗೆ ಹೋದಳು. ಮೂರು ವರ್ಷದಲ್ಲಿ ಒಂದು ದಿನವೂ ಅವಳು ಆ ಮನೆಯ ಮೆಟ್ಟಿಲು ಹತ್ತಿರಲಿಲ್ಲ. ಮಿಂಟಾ ಇಲ್ಲಿಗೆ ಬರಬೇಕು, ಇವಳು ಒಳಗೆ ಕರೆಯಬೇಕೋ ಬೇಡವೋ ನೋಡಬೇಕು, ಅದೇ ರೂಢಿಯಾಗಿತ್ತು. ನಾಳೆ ಹೋದರೂ ಆಗುತ್ತದೆ ಎಂದು ಬುದ್ಧಿ ಹೇಳಿತು. ನಾಳೆ ಅಂದರೆ ಇನ್ನೊಂದು ಇಪ್ಪತ್ತಾರು ವರ್ಷ, ಅಷ್ಟು ಆಯಸ್ಸು ಯಾರಿಗಿದೆ. ಎಸ್ಟಿಲ್‌ನ ಮಳೆಕೋಟು ಹಾಕಿಕೊಂಡು ಹೊರಟಳು.

ಇನ್ನೂರು ಗಜ ಇದ್ದೀತು ಅಷ್ಟೇ. ಗಟ್ಟಿ ಕಾಲಿನವರಿಗೆ ಮೂರು ನಿಮಿಷ. ವಾಕರಿನ ರ‍ಬ್ಬರ್ ಕಾಲುಗಳು ಜಲ್ಲಿಯಲ್ಲಿ ಹೂತುಕೊಳ್ಳುತ್ತಿದ್ದವು, ಎತ್ತಿ ಎತ್ತಿ ಇಡಬೇಕಾಗಿತ್ತು. ಮಧ್ಯದಲ್ಲಿ ಎರಡು ಸಲ ನಿಂತಳು. ಒಮ್ಮೆ ಹಿಂದಕ್ಕೆ ಹೋಗಿಬಿಡೋಣ ಅನ್ನಿಸಿತು, ಹಿಂದಕ್ಕೂ ಅಷ್ಟೇ ದೂರ ಇತ್ತು. ಮೆಟ್ಟಿಲು ಎರಡೇ ಇದ್ದವು, ಅವನ್ನು ಹತ್ತುವಷ್ಟರಲ್ಲಿ ಬೆವರು ಮಳೆ ಎರಡೂ ಒಂದಾಗಿತ್ತು. ಬಾಗಿಲು ತಟ್ಟಿದಳು.

ಮಿಂಟಾ ಬಾಗಿಲು ತೆರೆದಳು. ಅತ್ತಿದ್ದಳು, ಮುಖ ತೊಳೆದುಕೊಂಡಿದ್ದಳು, ಆದರೂ ಗೊತ್ತಾಗುತ್ತಿತ್ತು. ಅವಳ ಹಿಂದೆ ಮೇಜಿನ ಮೇಲೆ ಒಂದು ಬಿಳಿ ಟವೆಲ್ ಹಾಸಿ ಕಾಳುಗಳನ್ನು ಒಂದಕ್ಕೊಂದು ತಾಗದ ಹಾಗೆ ಹರಡಿ ಒಣಗಲು ಇಟ್ಟಿದ್ದಳು. ಯಾರೂ ಹೇಳಿಕೊಡದೆಯೇ ಅಷ್ಟು ಮಾಡಿದ್ದಳು.

"ಬೀಜ ಕೇಳೋಕೆ ಬಂದೆ," ಅಂದಳು ಡೋವಿ. "ನೀನು ಕೊಟ್ಟಷ್ಟು."

ಮಿಂಟಾ ಅವಳ ಒದ್ದೆ ಕೋಟು ಬಿಚ್ಚಿ ಮೊಳೆಗೆ ಹಾಕಿದಳು. ಇದ್ದುದರಲ್ಲಿ ಎತ್ತರದ ಕುರ್ಚಿ ಎಳೆದು, ಬಗ್ಗದೆ ಕೂರಲು ಆಗುವ ಹಾಗೆ ಮೇಲೆ ಎರಡು ದಿಂಬು ಇಟ್ಟಳು. ಡೋವಿ ಕೂತ ಮೇಲೆ ಎದುರಿಗೆ ತಾನೂ ಕೂತಳು.

"ಕೊಡ್ತೀನಿ," ಅಂದಳು. "ಮೊದ್ಲು ಅಮ್ಮ ಏನೇನಂದ್ಳು ಹೇಳು. ಒಂದು ಮಾತೂ ಬಿಡಬೇಡ."

ಡೋವಿ ಕಣ್ಣು ಮುಚ್ಚಿಕೊಂಡಳು. ಆ ಕೋಣೆ, ಆ ಹಾಸಿಗೆ, ಅತ್ತೆಯ ಒಣಗಿದ ತುಟಿ, ಎಲ್ಲ ನಿನ್ನೆಯದರಂತೆ ಇತ್ತು. ಇಷ್ಟು ವರ್ಷ ಬಚ್ಚಿಟ್ಟದ್ದರಿಂದಲೇ ಏನೋ, ಒಂದು ಅಕ್ಷರವೂ ಮಾಸಿರಲಿಲ್ಲ.

"ಬೀಜದ ಮಾತು ಆಮೇಲೆ ಬಂತು," ಅಂದಳು. "ಮೊದ್ಲು ಕೇಳಿದ್ದು, ಆ ಡೇಟನ್‌ನಲ್ಲಿ ನಮ್ಮ ಮಿಂಟಾಗೆ ಒಂದು ಹಿತ್ತಲಾದ್ರೂ ಇದ್ಯಾ, ಅಂತ."